ಇಲ್ಲ್ ಎಂದರೆ ಮನೆ

ಸುಳ್ಯದಿಂದ ಸಂಪಾಜೆಯ ತನಕ ಯಾವ ಮನೆಗೆ ಬೇಕಾದರೂ ಹೋಗಿ ಪೂವಮ್ಮ ಟೀಚರ ಹೆಸರು ಹೇಳಿ ನೋಡಿ. ಮಕ್ಕಳು ಮೊದಲು ಕೇಳುವುದು ಇಲಿಯ ವಿಷಯ. ಟೀಚರು ಕ್ಷೇಮವೇ, ಮದುವೆಯಾಯಿತೇ, ವರ್ಗವಾಯಿತೇ, ಅದೆಲ್ಲ ದೊಡ್ಡವರ ಚಿಂತೆ. ಮಕ್ಕಳಿಗೆ ಬೇಕಾದದ್ದು ಇಲಿ. ಬಾಲ ಉದ್ದ, ಹೊಟ್ಟೆ ದಪ್ಪ, ಮುಖದಲ್ಲಿ ಯಾವಾಗಲೂ ಕೊನೆಯ ಬಸ್ಸು ತಪ್ಪಿದವರ ಗಾಬರಿ. ಟೀಚರು ಬರೆದ ಮೊದಲ ಚಿತ್ರಪುಸ್ತಕದ ಇಲಿ ಅದು. ಈಗ ಅರವತ್ತೆಂಟನೆಯ ಇಸವಿಯ ಹೊತ್ತಿಗೆ ಅಚ್ಚಾದ ಪುಸ್ತಕಗಳು ಏಳಾಗಿವೆ, ಆದರೆ ಇಲಿಯ ಜಾಗಕ್ಕೆ ಬೇರೆ ಯಾವ ಪ್ರಾಣಿಯೂ ಬರಲಿಲ್ಲ.

ಸಾಹಿತಿಗಳ ಪಟ್ಟಿಯಲ್ಲಿ ಪೂವಮ್ಮನ ಹೆಸರು ಹುಡುಕಿದರೆ ಸಿಗುವುದಿಲ್ಲ, ಹುಡುಕಿ ಕಣ್ಣು ನೋಯಿಸಿಕೊಳ್ಳಬೇಡಿ. ಹೊಗಳುವುದಕ್ಕೆ ಹೊರಟರೆ ಹೊಗಳಬಹುದು. ಆದರೆ ನಿಜ ಹೇಳಬೇಕಲ್ಲ: ಆ ಇಲಿ ಹುಟ್ಟಿದ್ದು ಹೆಮ್ಮೆಯಿಂದಲ್ಲ, ನಾಚಿಕೆಯಿಂದ. ಬಾಯಿ ಬಿಡಬೇಕಾದ ಹೊತ್ತಿನಲ್ಲಿ ಪೂವಮ್ಮ ಬಾಯಿ ಮುಚ್ಚಿ ನಿಂತಿದ್ದಳು. ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದರೆ ಕತೆ ಅರ್ಧವೇ ಆಗುತ್ತದೆ.

ಅವಳು ಸಂಪಾಜೆಗಿಂತ ಮೂರು ಮೈಲು ಈಚೆಗಿನ ಪದ್ಮಯ್ಯ ಗೌಡರ ಮಗಳು. ಮನೆಯ ಮಾತು ಅರೆಭಾಷೆ, ಈ ಕಡೆಯ ಗೌಡರು ಆಡುವ ಕನ್ನಡ. ಐದು ವರ್ಷಕ್ಕೇ ಕೈಗೆ ಸಿಕ್ಕಿದ ಮಸಿಯ ತುಂಡಿನಲ್ಲಿ ಭತ್ತದ ಪತ್ತಾಯದ ಹಲಗೆಯ ಮೇಲೆಲ್ಲ ಕೋಳಿ, ನಾಯಿ, ಅಜ್ಜಿಯ ಮೂಗು ಬರೆದಿಟ್ಟಿದ್ದಳು. ಅಜ್ಜಿ ಕೋಲು ಹಿಡಿದು ಬಂದರೆ ಪದ್ಮಯ್ಯ ಗೌಡರು ನಕ್ಕು, "ಗೀಚ್ಲಿ ಬಿಡಿ, ಒಳಗಿದ್ದ ಭತ್ತಕ್ಕೆ ಎಂತ ನಾಚಿಕೆ ಆಗ್ತದಾ?" ಎಂದಿದ್ದರಂತೆ. ಶಾಲೆಯಲ್ಲಿ ಮಾತ್ರ ಆ ನಗು ಇರಲಿಲ್ಲ. ಮೊದಲ ದಿನವೇ ಮಾಸ್ತರರ ಎದುರು ಮನೆಯ ಮಾತು ಬಾಯಿಗೆ ಬಂದದ್ದಕ್ಕೆ ಬೆರಳ ಗೆಣ್ಣಿಗೆ ಅಡಿಕೋಲಿನ ಪೆಟ್ಟು ಬಿತ್ತು. ಪುಸ್ತಕದಲ್ಲಿ ಇದ್ದ ಹಾಗೆ ಮಾತಾಡುವುದನ್ನು ಅವಳು ಹದಿನೈದು ದಿನದಲ್ಲಿ ಕಲಿತಳು, ಪೆಟ್ಟನ್ನು ಮರೆಯಲಿಲ್ಲ.

ಪುತ್ತೂರಿನಲ್ಲಿ ಓದು, ಮಂಗಳೂರಿನಲ್ಲಿ ಟೀಚರ್ ತರಬೇತಿ ಮುಗಿಸಿ ಐವತ್ತೈದರ ಜೂನಿನಲ್ಲಿ ಅವಳು ಊರಿನ ಹತ್ತಿರದ್ದೇ ಒಂದು ಬೋರ್ಡು ಶಾಲೆಗೆ ಟೀಚರಾಗಿ ಬಂದಳು. ಒಂದೇ ಕೋಣೆ, ಒಬ್ಬರೇ ಟೀಚರು, ಇಪ್ಪತ್ತೆಂಟು ಮಕ್ಕಳು. ಗೌಡರ ಮಕ್ಕಳದ್ದು ಅರೆಭಾಷೆ, ರಸ್ತೆಯಾಚೆಯ ಮಕ್ಕಳದ್ದು ತುಳು, ಅಂಗಡಿಯ ಕಡೆಯ ಮುಸಲ್ಮಾನರದ್ದು ಬ್ಯಾರಿ, ರಬ್ಬರ್ ತೋಟದ ಕೂಲಿ ಲೈನಿನಿಂದ ಬರುವವರದ್ದು ಮಲಯಾಳ. ಇಪ್ಪತ್ತೆರಡರ ಹುಡುಗಿ ಪೂವಮ್ಮ ಮಾಡಿದ ಮೊದಲ ಕೆಲಸ ಏನು ಗೊತ್ತೇ? ಕರಿಹಲಗೆಯ ಮೇಲುಗಡೆ ಚಂದದ ಅಕ್ಷರದಲ್ಲಿ 'ಶಾಲೆಯಲ್ಲಿ ಕನ್ನಡ ಮಾತ್ರ' ಎಂದು ಬರೆದದ್ದು. ತಾನು ಉಂಡದ್ದನ್ನೇ ಬಡಿಸಿದಳು. ಕೋಲು ಮಾತ್ರ ಹಿಡಿಯಲಿಲ್ಲ, ಅಷ್ಟು ಪುಣ್ಯ.

ಐವತ್ತೇಳರ ಜನವರಿಯಲ್ಲಿ ಇನ್ಸ್‌ಪೆಕ್ಟರರು ತಪಾಸಣೆಗೆ ಬಂದರು. ರಾಜ್ಯ ಒಂದಾಗಿ ಎರಡು ತಿಂಗಳು ಆಗಿತ್ತಷ್ಟೆ. ಅದುವರೆಗೆ ಬರುತ್ತಿದ್ದವರು ಜಿಲ್ಲೆಯವರು, ಇವರು ಘಟ್ಟದ ಮೇಲಿನಿಂದ ಹೊಸದಾಗಿ ಬಂದವರು. ಕೋಲಾರದ ಕಡೆಯವರಂತೆ. ಕಪ್ಪು ಕೋಟು, ತಲೆಗೆ ಟೊಪ್ಪಿ, ಹಣೆಯಲ್ಲಿ ಬೆವರು. ಗೋಡೆಯ ಮೇಲೆ ತೂಗುಹಾಕಿದ ಅಕ್ಷರಗಳ ಪಟದ ಹತ್ತಿರ ನಿಂತು, 'ಮ, ಮನೆ' ಎಂದು ಬರೆದ ಕಡೆ ಅಕ್ಷರಗಳನ್ನು ಅಂಗೈಯಿಂದ ಮುಚ್ಚಿ, ಚಿತ್ರವನ್ನಷ್ಟೇ ತೋರಿಸಿ, ಒಂದನೆಯ ತರಗತಿಯ ಶಂಕರಿಯನ್ನು ಎಬ್ಬಿಸಿದರು.

ಶಂಕರಿ ಡೊಂಬಯ್ಯನ ಮಗಳು. ಡೊಂಬಯ್ಯನಿಗೆ ಘಟ್ಟದ ರಸ್ತೆ ರಿಪೇರಿಯ ಗ್ಯಾಂಗಿನಲ್ಲಿ ಕಲ್ಲು ಒಡೆಯುವ ಕೆಲಸ. ಅವರ ಮನೆಯಲ್ಲಿ ಶಾಲೆಯ ಮೆಟ್ಟಿಲು ಹತ್ತಿದವಳು ಇವಳೇ ಮೊದಲು. ಏಳು ವರ್ಷ, ಎಣ್ಣೆ ಸುರಿಯುವ ಜಡೆ, ಉತ್ತರ ಗೊತ್ತಿದ್ದರೆ ಎದ್ದು ನಿಲ್ಲುವ ಮೊದಲೇ ಹೇಳಿಬಿಡುವ ಚುರುಕು.

"ಏನಮ್ಮಾ ಇದು?" ಎಂದರು ಇನ್ಸ್‌ಪೆಕ್ಟರರು.

"ಇಲ್ಲ್" ಎಂದಳು ಶಂಕರಿ.

ತುಳುವಿನಲ್ಲಿ ಮನೆಗೆ 'ಇಲ್ಲ್' ಎನ್ನುತ್ತಾರೆ. ಕೊನೆಯ 'ಲ' ಪೂರ್ತಿ ಹೊರಗೆ ಬರುವುದಿಲ್ಲ, ನಾಲಿಗೆಯ ತುದಿಯಲ್ಲೇ ನಿಂತುಬಿಡುತ್ತದೆ. ಘಟ್ಟದ ಮೇಲಿನ ಕಿವಿಗೆ ಅದು ಹೇಗೆ ಕೇಳಿಸಬೇಕು?

"ಇಲ್ವಾ? ಏನಿಲ್ಲ? ಚಿತ್ರ ನೋಡಿ ಹೇಳಮ್ಮ."

"ಇಲ್ಲ್" ಎಂದಳು ಹುಡುಗಿ, ಸ್ವಲ್ಪ ಗಟ್ಟಿಯಾಗಿ.

"ಕಣ್ಮುಂದೆ ಇಷ್ಟು ದೊಡ್ಡದಾಗಿ ಇದೆ, ಇಲ್ಲ ಅಂತೀಯಲ್ಲ! ಕಣ್ಣು ಕಾಣಿಸ್ತದೋ ಇಲ್ವೋ?"

"ಇಲ್ಲ್! ಇಲ್ಲ್! ಇಲ್ಲ್!"

ಮಕ್ಕಳು ಗೊಳ್ಳೆಂದು ನಕ್ಕರು. ನಕ್ಕದ್ದು ಇನ್ಸ್‌ಪೆಕ್ಟರ್ ದೊರೆಗಳ ಪೆದ್ದುತನಕ್ಕೆ. ಶಂಕರಿಗೆ ಮಾತ್ರ ತನ್ನನ್ನೇ ನೋಡಿ ನಕ್ಕರೆಂದು ಕಂಡಿತು. ಅವಳು ತಿರುಗಿ ಟೀಚರ ಮುಖ ನೋಡಿದಳು. ಪೂವಮ್ಮನಿಗೆ ತುಳು ಬರುತ್ತಿತ್ತು. 'ಅವಳು ಹೇಳಿದ್ದು ಸರಿ, ಇಲ್ಲ್ ಅಂದರೆ ಮನೆ' ಎಂಬ ಮಾತು ಬಾಯಿಯವರೆಗೆ ಬಂದಿತ್ತು. ಆದರೆ ಹಲಗೆಯ ಮೇಲೆ 'ಕನ್ನಡ ಮಾತ್ರ' ಎಂದು ಬರೆದದ್ದು ಅವಳ ಕೈಯೇ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವಳ ಹಾಗೆ ನಿಂತಳು. ಶಂಕರಿ ತಲೆ ತಗ್ಗಿಸಿ ಕುಳಿತುಕೊಂಡಳು.

ಇನ್ಸ್‌ಪೆಕ್ಟರರು ತಪಾಸಣೆಯ ಪುಸ್ತಕದಲ್ಲಿ, 'ಮಕ್ಕಳು ಎದುರಿಗಿರುವ ಚಿತ್ರವನ್ನೂ ಗುರುತಿಸಲಾರರು. ಶಿಕ್ಷಕಿ ಗಮನ ಹರಿಸತಕ್ಕದ್ದು' ಎಂದು ಬರೆದು, ಎಳನೀರು ಕುಡಿದು, ಹೊರಟುಹೋದರು.

ಮರುದಿನ ಶಂಕರಿ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಎಂಟು ದಿನವಾದ ಮೇಲೆ ಪೂವಮ್ಮ ಅವಳ ಮನೆಗೆ ಹೋದಳು. ಹುಲ್ಲುಮಾಡಿನ ಸಣ್ಣ ಮನೆ, ಎದುರಿಗೆ ಡೊಂಕು ಹಲಸಿನ ಮರ. ಟೀಚರನ್ನು ಕಂಡ ಕೂಡಲೇ ಶಂಕರಿ ಹಿತ್ತಿಲಿಗೆ ಓಡಿದಳು. ಡೊಂಬಯ್ಯ ಚಾಪೆ ಹಾಕಿ, ಬೆಲ್ಲ ನೀರು ಕೊಟ್ಟು, ಆಮೇಲೆ ಮೆಲ್ಲಗೆ ಕೇಳಿದ.

"ಟೀಚರೇ, ನಾನು ಹೆಬ್ಬೆಟ್ಟು ಒತ್ತುವವ, ನನಗೆ ತಿಳಿಯುದಿಲ್ಲ. ಅವಳು ಹೇಳಿದ್ದು ತಪ್ಪಾ?"

"ತಪ್ಪಲ್ಲ ಡೊಂಬಯ್ಯಣ್ಣ."

"ಮತ್ತೆ ನೀವು ಆಗ ಯಾಕೆ ಹೇಳ್ಲಿಲ್ಲ?"

ಅವನ ಸ್ವರದಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟು ಮಾಡಿದ್ದರೆ ಪೂವಮ್ಮನಿಗೆ ಸುಲಭವಾಗುತ್ತಿತ್ತು. ಡೊಂಬಯ್ಯನೇ ಅವಳ ಮೇಲೆ ಕನಿಕರಪಟ್ಟು, "ಇರ್ಲಿ ಬಿಡಿ, ಮನೆಯಲ್ಲಿ ಆಡು ನೋಡ್ಲಿಕ್ಕೂ ಜನ ಬೇಕು. ಅವಳಿಗೆ ಶಾಲೆಯ ಆಸೆ ಹೋಯ್ತು" ಎಂದ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಇಲ್ಲಿ ಹೋದದ್ದು ಅರ್ಧ ಅಕ್ಷರಕ್ಕೆ. ಹಿಂದಕ್ಕೆ ಬರುವ ದಾರಿಯುದ್ದಕ್ಕೂ ಪೂವಮ್ಮ ಅತ್ತಳು. ಆ ಹುಡುಗಿ ಶಾಲೆಗೆ ಮರಳಿ ಬರದಿದ್ದರೆ ತಾನು ಟೀಚರಾಗಿ ಇರುವುದರಲ್ಲಿ ಅರ್ಥವೇ ಇಲ್ಲ ಎಂದು ಅವಳಿಗೆ ಅನಿಸಿತು.

ಶಾಲೆಯ ಎದುರು, ರಸ್ತೆಯ ತಿರುವಿನಲ್ಲಿ, ಮೊಯ್ದಿನಬ್ಬರ ಅಂಗಡಿ. ಮಡಿಕೇರಿ ಘಟ್ಟ ಹತ್ತುವ ಲಾರಿಗಳೆಲ್ಲ ಎಂಜಿನಿಗೆ ನೀರು ಹೊಯ್ದುಕೊಳ್ಳಲು ಅಲ್ಲಿ ನಿಲ್ಲುತ್ತಿದ್ದವು. ಅಕ್ಕಿ, ಬೆಲ್ಲ, ಚಹಾ, ಲೋಕದ ಸುದ್ದಿ ಎಲ್ಲ ಅಲ್ಲಿ ಸಿಗುತ್ತಿತ್ತು. ಪೂವಮ್ಮನ ಸಪ್ಪೆ ಮುಖ ಕಂಡು ಮೊಯ್ದಿನಬ್ಬರು ವಿಷಯ ಹೊರಡಿಸಿದರು. ಅವಳ ತಲೆಯಲ್ಲಿ ಒಂದು ಉಪಾಯ ಇತ್ತು: ಒಂದನೆಯವರಿಗೆ ತಾನೇ ಒಂದು ಚಿತ್ರಪುಸ್ತಕ ಮಾಡುವುದು, ಎಲ್ಲ ಮಕ್ಕಳ ಮನೆಯಲ್ಲೂ ಒಂದೇ ಹೆಸರಿರುವ ವಸ್ತುಗಳನ್ನೇ ಅದರಲ್ಲಿ ಬರೆಯುವುದು. 'ಏ'ಗೆ ಏಣಿ ಸಿಕ್ಕಿತು, 'ಉ'ಗೆ ಉಪ್ಪು ಸಿಕ್ಕಿತು. 'ಇ'ಗೆ ಬಂದು ನಿಂತಿತ್ತು. ಪಾಠಪುಸ್ತಕದ ಇಲಿ ತುಳುವಿನವರಿಗೂ ಬ್ಯಾರಿಗಳಿಗೂ 'ಎಲಿ'. ಇಲಿಯ ಚಿತ್ರ ನೋಡಿ 'ಇ' ಅಕ್ಷರವನ್ನು 'ಎ' ಎಂದು ಓದುವ ಮಕ್ಕಳೇ ಹೆಚ್ಚು.

"'ಇ'ಯಿಂದ ಎಲ್ಲರಿಗೂ ಗೊತ್ತಿದ್ದದ್ದು ಎಂತ ಉಂಟು ಬ್ಯಾರಿಗಳೇ?"

"ಇಸ್ಪೇಟ್!" ಎಂದರು ಮೊಯ್ದಿನಬ್ಬರು ಥಟ್ಟನೆ. "ಜಾತಿ ಇಲ್ಲ, ಭಾಷೆ ಇಲ್ಲ, ಎಲ್ಲರಿಗೂ ಗೊತ್ತುಂಟು."

"ಅಯ್ಯೋ, ನನ್ನ ಕೆಲಸ ತೆಗೀತೀರಿ ನೀವು!" ಎಂಟು ದಿನದಲ್ಲಿ ಮೊದಲ ಸಲ ಅವಳಿಗೆ ನಗು ಬಂತು.

ಮೊಯ್ದಿನಬ್ಬರು ತೂಕದ ಬಟ್ಟು ಇಟ್ಟು, "ಟೀಚರ್, ಒಂದು ಮಾತು ಹೇಳ್ತೇನೆ. ಎಲ್ಲರಿಗೂ ಒಂದೇ ಶಬ್ದ ಯಾಕೆ ಹುಡುಕುದು? ನನ್ನ ಅಂಗಡಿಯಲ್ಲಿ ಬೆಲ್ಲಕ್ಕೆ ನಾಲ್ಕು ಹೆಸರು ಉಂಟು. ಯಾರು ಯಾವ ಹೆಸರಲ್ಲಿ ಕೇಳಿದ್ರೂ ನಾನು ಕೊಡುದು ಬೆಲ್ಲವೇ. 'ಹಾಗೆ ಕೇಳ್ಬಾರ್ದು' ಅಂತ ಹೇಳಿ ವಾಪಸ್ ಕಳಿಸಿದ್ರೆ ನನ್ನ ವ್ಯಾಪಾರ ಎಂತ ಆಗ್ಬೇಕು ಮಾರಾಯ್ರೆ?" ಎಂದರು.

ಎರಡು ವರ್ಷದ ಟ್ರೈನಿಂಗಿನಲ್ಲಿ ಯಾರೂ ಹೇಳಿಕೊಡದ ಮಾತನ್ನು ಬೆಲ್ಲದ ಅಂಗಡಿಯಲ್ಲಿ ಕೇಳಿ ಪೂವಮ್ಮ ಬಾಯಿ ತೆರೆದು ನಿಂತಳು.

ಚಹಾಪುಡಿಯ ಪೆಟ್ಟಿಗೆಯೊಳಗೆ ಹಾಸಿ ಬರುತ್ತಿದ್ದ ದಪ್ಪ ಕಾಗದವನ್ನು ಮೊಯ್ದಿನಬ್ಬರು ಕೊಟ್ಟರು. ಹಳದಿಗೆ ಅರಸಿನ, ಕಪ್ಪಿಗೆ ದೀಪದ ಮಸಿ, ನೇರಳೆ ಬಣ್ಣಕ್ಕೆ ಬಸಳೆ ಹಣ್ಣಿನ ರಸ. ಮೊಯ್ದಿನಬ್ಬರ ಹೆಂಡತಿ ಜೈನಬಮ್ಮ ಗೋಣಿ ಹೊಲಿಯುವ ಸೂಜಿಯಲ್ಲಿ ಪುಸ್ತಕದ ಬೆನ್ನು ಹೊಲಿದುಕೊಟ್ಟರು. ಹೀಗೆ ಹನ್ನೆರಡು ಪುಟದ ಒಂದು ಪುಸ್ತಕ ತಯಾರಾಯಿತು. ಮನೆಯಿಲ್ಲದ ಇಲಿಯೊಂದು ಊರೆಲ್ಲ ಮನೆ ಹುಡುಕುತ್ತದೆ. ಗೌಡರ ಪತ್ತಾಯಕ್ಕೆ ಹೋದರೆ ಬೆಕ್ಕು ಅಟ್ಟಿಸಿಕೊಂಡು ಬರುತ್ತದೆ, ಬ್ಯಾರಿಗಳ ಅಂಗಡಿಗೆ ಹೋದರೆ ಬೆಲ್ಲದ ಡಬ್ಬಿಗೆ ಬಿದ್ದು ಅಂಟಿಕೊಳ್ಳುತ್ತದೆ. ಕೊನೆಗೆ ಡೊಂಕು ಹಲಸಿನ ಮರದ ಎದುರಿನ ಹುಲ್ಲುಮಾಡಿನಲ್ಲಿ ಜಾಗ ಸಿಗುತ್ತದೆ. ಹೋದ ಹೋದ ಮನೆಯಲ್ಲಿ ಅದಕ್ಕೆ ಆಯಾ ಮನೆಯ ಮಾತಿನ ಹೆಸರು. ಪುಸ್ತಕದ ಹೆಸರು: 'ಎಲಿಗೆ ಇಲ್ಲ್ ಇಲ್ಲ'.

ಮಾರ್ಚಿ ತಿಂಗಳ ಒಂದು ಶನಿವಾರ ಪೂವಮ್ಮ ಆ ಪುಸ್ತಕ ಹಿಡಿದು ಹೊಳೆಯ ಬದಿಗೆ ಹೋದಳು. ಶಂಕರಿ ಆಡು ಮೇಯಿಸುತ್ತಿದ್ದಳು. ಟೀಚರನ್ನು ನೋಡಿ ಬಂಡೆಯ ಹಿಂದೆ ಕುಳಿತಳು. ಪೂವಮ್ಮ ಕರೆಯಲಿಲ್ಲ. ಕಲ್ಲಿನ ಮೇಲೆ ಕುಳಿತು ಪುಸ್ತಕ ಬಿಡಿಸಿ ಆಡುಗಳಿಗೆ ಗಟ್ಟಿಯಾಗಿ ಓದಿ ಹೇಳತೊಡಗಿದಳು. ಇಲಿ ಬೆಲ್ಲಕ್ಕೆ ಬಿದ್ದಾಗ ಬಂಡೆಯ ಹಿಂದಿನಿಂದ ಕಿಸಕ್ಕೆಂದು ನಗು ಕೇಳಿತು. ಕೊನೆಯ ಪುಟಕ್ಕೆ ಬರುವಾಗ ಎಣ್ಣೆಯ ಜಡೆ ಪಕ್ಕದಲ್ಲೇ ಇತ್ತು.

"ನಮ್ಮ ಬಾಗಿಲು ಆ ಕಡೆ ಅಲ್ಲ" ಎಂದಳು ಶಂಕರಿ.

"ಮತ್ತೆ?"

"ಹಲಸಿನ ಮರ ಕಾಣುವ ಹಾಗೆ ಉಂಟು."

ಪೂವಮ್ಮ ಮಸಿಯ ತುಂಡು ಕೊಟ್ಟಳು. ಶಂಕರಿ ನಾಲಿಗೆ ಕಚ್ಚಿಕೊಂಡು ಬಾಗಿಲನ್ನು ಸರಿಯಾದ ಕಡೆಗೆ ಬರೆದಳು. ಕೆಳಗಿದ್ದ ಅಕ್ಷರ ತೋರಿಸಿ ಪೂವಮ್ಮ, "ಇದು ಇಲ್ಲ್" ಎಂದಳು.

"ಶಾಲೆಯಲ್ಲಿ ಹಾಗೆ ಹೇಳ್ಲಿಕ್ಕೆ ಇಲ್ಲ."

"ಇನ್ನು ಉಂಟು. ಆವತ್ತು ನೀನು ಸರಿಯಾಗಿಯೇ ಹೇಳಿದ್ದಿ ಮಗಾ. ತಪ್ಪು ನನ್ನದು. ನಾನು ಹೆದರಿದೆ."

ಹುಡುಗಿ ಕಣ್ಣು ಅಗಲ ಮಾಡಿದಳು. "ಟೀಚರಿಗೂ ಹೆದರಿಕೆ ಉಂಟಾ?"

"ಉಂಟು ಮಾರಾಯ್ತಿ, ಬೇಕಾದಷ್ಟು ಉಂಟು."

ಸೋಮವಾರ ಬೆಳಿಗ್ಗೆ ಪೂವಮ್ಮ ಶಾಲೆಯ ಬೀಗ ತೆಗೆಯಲು ಬಂದಾಗ ಶಂಕರಿ ಮೆಟ್ಟಿಲ ಮೇಲೆ ಕುಳಿತಿದ್ದಳು. ಅಂದು ಹಲಗೆಯ ಮೇಲಿನ 'ಕನ್ನಡ ಮಾತ್ರ' ಅಳಿಸಿಹೋಯಿತು. ಅದರ ಬದಲು ತರಗತಿಗೆ ಒಂದು ಹೊಸ ಆಟ ಬಂತು. ಒಬ್ಬರು ಚಿತ್ರ ತೋರಿಸುವುದು, ಇನ್ನೊಬ್ಬರು ಹೆಸರು ಹೇಳಿ, "ನಿಮ್ಮಲ್ಲಿ ಇದಕ್ಕೆ ಎಂತ ಹೇಳುದು?" ಎಂದು ಬದಿಯವರನ್ನು ಕೇಳುವುದು. ಎಲ್ಲರೂ ಹೇಳಿಯಾದ ಮೇಲೆ ಪುಸ್ತಕದ ಕನ್ನಡದ ಮಾತು. ವಿಚಿತ್ರವೇನೆಂದರೆ, ಮನೆಯ ಮಾತಿಗೆ ಬೀಗ ತೆಗೆದ ಮೇಲೆಯೇ ಕನ್ನಡವೂ ಸಲೀಸಾಗಿ ಬರತೊಡಗಿತು. ವರ್ಷ ಮುಗಿಯುವಾಗ ಇಂಥ ಹನ್ನೊಂದು ಕೈಬರಹದ ಪುಸ್ತಕಗಳು ತರಗತಿಯ ಹಗ್ಗದ ಮೇಲೆ ತೂಗುತ್ತಿದ್ದವು.

ಐವತ್ತೆಂಟರ ಫೆಬ್ರವರಿಯಲ್ಲಿ ತಪಾಸಣೆಯ ಕಾಗದ ಬಂತು. ಅದೇ ಇನ್ಸ್‌ಪೆಕ್ಟರರು. ಪೂವಮ್ಮನ ಧೈರ್ಯ ಎಲ್ಲಿ ಹೋಯಿತೋ! ಇಲಾಖೆ ಒಪ್ಪದ ಪುಸ್ತಕ, ಅದೂ ತುಳು, ಬ್ಯಾರಿ ತುಂಬಿದ ಪುಸ್ತಕ, ಕನ್ನಡ ಶಾಲೆಯಲ್ಲಿ. ಹಿಂದಿನ ದಿನವೇ ಎಲ್ಲವನ್ನೂ ಹಗ್ಗದಿಂದ ಇಳಿಸಿ ಮೊಯ್ದಿನಬ್ಬರ ಅಂಗಡಿಯಲ್ಲಿ ಅಕ್ಕಿ ಮೂಟೆಯ ಹಿಂದೆ ಇಟ್ಟು ಬಂದಳು. ಮೊಯ್ದಿನಬ್ಬರು, "ಇಡ್ತೇನೆ. ಆದ್ರೆ ಕದ್ದ ಮಾಲು ಅಲ್ಲವಲ್ಲ ಟೀಚರ್ ಇದು?" ಎಂದಷ್ಟೇ ಹೇಳಿದರು.

ಬೆಳಿಗ್ಗೆ ಖಾಲಿ ಹಗ್ಗ ನೋಡಿ ಶಂಕರಿ ಕೇಳಿದಳು. "ಟೀಚರ್, ನಮ್ಮ ಪುಸ್ತಕ?"

"ಇಲ್ಲ" ಎಂದಳು ಪೂವಮ್ಮ, ಮುಖ ತಿರುಗಿಸಿ.

"ಇಲ್ಲಲ್ಲಾ? ಯಾರ ಇಲ್ಲಲ್ಲಿ ಟೀಚರ್? ನಾನು ಓಡಿಹೋಗಿ ತರ್ಲಾ?"

ಹುಡುಗಿಗೆ 'ಇಲ್ಲ' ಎಂಬುದು ಮನೆ ಎಂದೇ ಕೇಳಿಸಿತ್ತು. ತನ್ನ ಪುಸ್ತಕ ಯಾವುದೋ ಮನೆಯಲ್ಲಿ ಸುರಕ್ಷಿತವಾಗಿದೆ, ಹೋಗಿ ತಂದರಾಯಿತು ಎಂಬ ನಂಬಿಕೆ ಅವಳ ಮುಖದಲ್ಲಿ. ಪೂವಮ್ಮ ಸೆರಗು ಸಿಕ್ಕಿಸಿ ತಾನೇ ರಸ್ತೆ ದಾಟಿ ಓಡಿ, ಹನ್ನೊಂದು ಪುಸ್ತಕಗಳನ್ನೂ ಅವುಚಿಕೊಂಡು ಬಂದಳು. ಕೊನೆಯದನ್ನು ಹಗ್ಗಕ್ಕೆ ಹಾಕುವಾಗ ಇನ್ಸ್‌ಪೆಕ್ಟರರು ಅಂಗಳಕ್ಕೆ ಬಂದಾಗಿತ್ತು.

ಅವರಿಗೆ ಶಂಕರಿಯ ನೆನಪು ಇತ್ತು. "ಓಹೋ, ಇಲ್ಲ ಇಲ್ಲ ಅನ್ನೋ ಹುಡುಗಿ!" ಎಂದು ಅದೇ ಪಟದ ಹತ್ತಿರ ಹೋಗಿ, ಅದೇ ಮನೆಯ ಚಿತ್ರದ ಕೆಳಗೆ ಅಂಗೈ ಅಡ್ಡ ಹಿಡಿದರು. "ಈ ವರ್ಷವಾದ್ರೂ ಏನಾದ್ರೂ ಇದೆಯಾ?"

ಶಂಕರಿ ಟೀಚರ ಕಡೆ ನೋಡಿದಳು. ಹೋದ ವರ್ಷದ ಅದೇ ನೋಟ. ಪೂವಮ್ಮನ ಸ್ವರ ನಡುಗಿತು, ಆದರೆ ಮಾತು ಹೊರಗೆ ಬಂತು.

"ಸರ್, ಹೋದ ವರ್ಷ ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಅವಳ ಮನೆಯ ಮಾತು ತುಳು. ತುಳುವಿನಲ್ಲಿ ಇಲ್ಲ್ ಅಂದ್ರೆ ಮನೆ. ನನಗೆ ಆವತ್ತೇ ಗೊತ್ತಿತ್ತು. ನಾನು ಹೆದರಿ ಹೇಳ್ಲಿಲ್ಲ. ಬರೆಯುದಿದ್ರೆ ನನ್ನ ಮೇಲೆ ಬರೀರಿ, ಮಕ್ಕಳ ಮೇಲೆ ಬರೀಬೇಡಿ." ಇಷ್ಟು ಹೇಳಿ ಇಲಿಯ ಪುಸ್ತಕವನ್ನು ಹಗ್ಗದಿಂದ ತೆಗೆದು ಮೇಜಿನ ಮೇಲಿಟ್ಟಳು.

ಇನ್ಸ್‌ಪೆಕ್ಟರರು ಕನ್ನಡಕ ಏರಿಸಿ ಪುಟ ತಿರುಗಿಸತೊಡಗಿದರು. ಒಂದು, ಎರಡು, ಮೂರು. ಕೊನೆಯ ಪುಟದ ಹುಲ್ಲುಮಾಡಿನ ಮೇಲೆ ಅವರ ಬೆರಳು ನಿಂತಿತು. ಆಗ ಶಂಕರಿಗೆ, ತರಗತಿಯ ಆಟದಲ್ಲಿ ಈಗ ಯಾರ ಸರದಿ ಎಂಬುದು ನೆನಪಾಗಿರಬೇಕು.

"ಸರ್, ನಿಮ್ಮಲ್ಲಿ ಇದಕ್ಕೆ ಎಂತ ಹೇಳುದು?"

ಇನ್ಸ್‌ಪೆಕ್ಟರರು ಹುಡುಗಿಯನ್ನು ನೋಡಿದರು. ಚಿತ್ರವನ್ನು ನೋಡಿದರು. ಟೊಪ್ಪಿ ತೆಗೆದು ಮೇಜಿನ ಮೇಲಿಟ್ಟರು.

"ನಮ್ಮಲ್ಲಿ..." ಎಂದರು, "ನಮ್ಮನೇಲಿ ತೆಲುಗು ಮಗು. ನಮ್ಮಮ್ಮ ಇದಕ್ಕೆ... ಇಲ್ಲು ಅಂತಾರೆ."

"ಇಲ್ಲ್!" ಎಂದು ಶಂಕರಿ ಕುಣಿದಳು. "ಸರಿ! ಸರಿಯಾಗಿ ಹೇಳಿದ್ರು ಟೀಚರ್!"

ಈ ಸಲ ಮಕ್ಕಳ ಜೊತೆ ಇನ್ಸ್‌ಪೆಕ್ಟರರೂ ನಕ್ಕರು. ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ನೋಡಿ ಟೀಚರಮ್ಮ, ಹುಟ್ಟಿದಾಗಿಂದ ಕೇಳಿದ ಮಾತು. ಹೋದ ಸಲ ಆಫೀಸರ ಕಿವೀಲಿ ಕೇಳ್ದೆ, ಅಮ್ಮನ ಮಗನ ಕಿವಿ ಮನೇಲಿ ಬಿಟ್ಟು ಬಂದಿದ್ದೆ" ಎಂದರು. ಇಲಿಗೆ ಅವರಲ್ಲಿ 'ಎಲುಕ' ಎನ್ನುತ್ತಾರಂತೆ. ಅದನ್ನೂ ಮಕ್ಕಳು ಬಿಡದೆ ಹೇಳಿಸಿದರು.

ತಪಾಸಣೆಯ ಪುಸ್ತಕದಲ್ಲಿ ಅವರು ಬರೆದ ಸಾಲುಗಳು ಇವು: 'ಕಳೆದ ವರ್ಷದ ಷರಾ ತಪ್ಪು. ಚಿತ್ರವನ್ನು ಗುರುತಿಸಲಾಗದೆ ಹೋದದ್ದು ಮಕ್ಕಳಿಗಲ್ಲ, ತಪಾಸಣಾಧಿಕಾರಿಗೆ. ಶಿಕ್ಷಕಿ ತಯಾರಿಸಿದ ಪುಸ್ತಕವು ಅಚ್ಚು ಮಾಡಿಸಲು ಯೋಗ್ಯವಾಗಿದೆ.'

ಅಚ್ಚು ಮಾಡಿಸುವುದು ಎಂದರೆ ಹೇಳಿದಷ್ಟು ಸುಲಭವೇ? ಎರಡು ವರ್ಷ ಹಿಡಿಯಿತು. ಮಧ್ಯೆ ಪೂವಮ್ಮನಿಗೆ ಮದುವೆಯಾಯಿತು. ಗಂಡ ಕುಶಾಲಪ್ಪ ಮರದ ಸೌಟು, ಮಣೆ ಕೆತ್ತುವುದರಲ್ಲಿ ಗಟ್ಟಿಗ. ಹೆಂಡತಿಯ ಚಿತ್ರಗಳನ್ನು ಹಲಸಿನ ಹಲಗೆಯ ಮೇಲೆ ಅಚ್ಚಿಗಾಗಿ ಕೆತ್ತಿಕೊಟ್ಟ. ಅಚ್ಚಿನಲ್ಲಿ ಎಡ ಬಲವಾಗುತ್ತದೆ ಎಂಬುದು ಯಾರಿಗೂ ಹೊಳೆಯಲಿಲ್ಲ. ಮೊದಲ ಪ್ರತಿ ನೋಡಿದಾಗ ಶಂಕರಿಯ ಮನೆಯ ಬಾಗಿಲು ಮತ್ತೆ ತಪ್ಪು ಕಡೆಗೆ ಬಂದಿತ್ತು. ಕುಶಾಲಪ್ಪ ತಲೆಗೆ ಕೈ ಹೊತ್ತು ಕುಳಿತ, ಪುನಃ ಕೆತ್ತಿದ.

ಪ್ರೆಸ್ಸು ಪುತ್ತೂರಿನ ದರ್ಬೆಯಲ್ಲಿ, ಮಾಲಿಕರು ಶ್ರೀಕೃಷ್ಣ ರಾಯರು. ತಿದ್ದಲೆಂದು ಕೊಟ್ಟ ಹಾಳೆ ನೋಡಿ ಪೂವಮ್ಮ ಕುರ್ಚಿಯಿಂದ ಎದ್ದಳು. 'ಎಲಿಗೆ ಇಲ್ಲ್ ಇಲ್ಲ' ಎಂದಿದ್ದದ್ದು 'ಇಲಿಗೆ ಇಲ್ಲ ಇಲ್ಲ' ಎಂದಾಗಿತ್ತು. ಮನೆಯ ಚಿತ್ರದ ಕೆಳಗೂ 'ಇಲ್ಲ'.

"ಸ್ವಲ್ಪ ತಪ್ಪು ಇತ್ತು, ನಾವೇ ತಿದ್ದಿದೆವು" ಎಂದರು ರಾಯರು ಸಂತೋಷದಿಂದ.

"ರಾಯರೇ, ಇಲ್ಲ್ ಅಂದ್ರೆ ಎಂತ ಅಂತ ನಿಮಗೆ ಗೊತ್ತಿಲ್ವಾ?"

"ಗೊತ್ತಿಲ್ಲದೆ ಎಂತ? ಮನೆ. ಆದ್ರೆ ಅದು ಮನೆಯಲ್ಲಿ ಮಾತಾಡ್ಲಿಕ್ಕೆ. ಪುಸ್ತಕದಲ್ಲಿ ಹಾಕಿದ್ರೆ ಜನ ನಗಾಡ್ತಾರೆ. ಪ್ರೆಸ್ಸಿನ ಹೆಸರು ಹಾಳಾಗ್ತದೆ."

"ಸಂಜೆ ಪ್ರೆಸ್ಸು ಮುಚ್ಚಿ ನೀವು ಎಲ್ಲಿಗೆ ಹೋಗುದು?"

"ಇಲ್ಲಡೆ ಪೋಪೆ, ಮತ್ತೆಲ್ಲಿಗೆ..." ಮನೆಗೆ ಹೋಗುತ್ತೇನೆ ಎಂಬುದು ತುಳುವಿನಲ್ಲೇ ಬಾಯಿಗೆ ಬಂದುಬಿಟ್ಟಿತು. ಅಚ್ಚಿನ ಮೊಳೆ ಜೋಡಿಸುತ್ತಿದ್ದವರೆಲ್ಲ ನಕ್ಕರು. ರಾಯರ ಕಿವಿ ಕೆಂಪಾಯಿತು.

"ದಿನಾ ಹೋಗುವ ಜಾಗಕ್ಕೆ ಪುಸ್ತಕದಲ್ಲಿ ನಾಚಿಕೆ ಯಾಕೆ ರಾಯರೇ? ಅಕ್ಷರದ ತಲೆಯ ಮೇಲಿನ ಆ ಕೊಕ್ಕೆ ತೆಗೆದ್ರೆ ಮನೆಯೇ ಇಲ್ಲ ಅಂತ ಆಗ್ತದೆ. ಅದು ಹೋದ್ರೆ ನನಗೆ ಪುಸ್ತಕವೇ ಬೇಡ" ಎಂದಳು ಪೂವಮ್ಮ. ಸ್ವರ ನಡುಗಲಿಲ್ಲ. ರಾಯರು ಗೊಣಗುತ್ತ ಕೊಕ್ಕೆಯಿರುವ 'ಲ್'ಗಳನ್ನು ಹುಡುಕಿಸಿ, ಸಾಲದ್ದಕ್ಕೆ ಇನ್ನೊಂದು ಪ್ರೆಸ್ಸಿನಿಂದ ತರಿಸಿ ಹಾಕಿಸಿದರು.

ಅರವತ್ತರ ನವೆಂಬರಿನ ಒಂದು ಮಧ್ಯಾಹ್ನ ಪುಸ್ತಕದ ಕಟ್ಟು ಬಸ್ಸಿನಲ್ಲಿ ಬಂದು ಮೊಯ್ದಿನಬ್ಬರ ಅಂಗಡಿಯಲ್ಲಿ ಇಳಿಯಿತು. ಶಾಲೆಗೆ ಶಾಲೆಯೇ ಅಲ್ಲಿ ಸೇರಿತು. ಡೊಂಬಯ್ಯ ಗ್ಯಾಂಗಿನವರ ಜೊತೆ ಬೆಂಚಿನ ಮೇಲೆ ಚಹಾ ಕುಡಿಯುತ್ತಿದ್ದ. ಶಂಕರಿ ಕಟ್ಟು ಬಿಚ್ಚಿ ಮೊದಲನೆಯದನ್ನು ಎತ್ತಿಕೊಂಡು ಅಪ್ಪನ ಹತ್ತಿರ ಹೋಗಿ ಕೊನೆಯ ಪುಟ ತೆಗೆದು ಮಡಿಲಲ್ಲಿಟ್ಟಳು.

ಡೊಂಬಯ್ಯ ಕೈಯನ್ನು ಮುಂಡಿನಲ್ಲಿ ಒರೆಸಿಕೊಂಡ. "ಹೋ! ನಮ್ಮ ಹಲಸು. ಇದು ನಮ್ಮ ಇಲ್ಲ್ ಅಲ್ವಾ?"

ಶಂಕರಿ ಚಿತ್ರವನ್ನು ಅಂಗೈಯಿಂದ ಮುಚ್ಚಿದಳು. ಕೆಳಗಿನ ಅಕ್ಷರಗಳನ್ನು ಮಾತ್ರ ಬಿಟ್ಟಳು. "ಈಗ ಇದು ಎಂತ, ಅಪ್ಪ?"

ಅವನು ಅಕ್ಷರಗಳನ್ನೇ ನೋಡಿದ. "ಇಲ್ಲ್" ಎಂದ, ಅನುಮಾನದಿಂದ. ಶಂಕರಿ ಪುಸ್ತಕ ಮುಚ್ಚಿ ಮುಖಪುಟ ಮೇಲೆ ಮಾಡಿದಳು. ಡೊಂಬಯ್ಯನ ಕಲ್ಲು ಒಡೆದು ದಪ್ಪವಾದ ಬೆರಳು, ಗ್ಯಾಂಗಿನ ಹಾಜರಿ ಮಸ್ಟರಿನಲ್ಲಿ ಹೆಬ್ಬೆಟ್ಟು ಒತ್ತುವುದಷ್ಟೇ ಗೊತ್ತಿದ್ದ ಕೈಯ ಬೆರಳು, ಪುಸ್ತಕದ ಹೆಸರಿನ ಮೇಲೆ ಮೆಲ್ಲಗೆ ಸರಿಯಿತು. ಮಧ್ಯದಲ್ಲಿ ಬಂದು ನಿಂತಿತು.

"ಇಲ್ಲಿಯೂ ಉಂಟು" ಎಂದ. ಬೆರಳು ಇನ್ನೊಂದು ಶಬ್ದಕ್ಕೆ ಹೋಗಿ ವಾಪಸ್ ಬಂತು. "ಬದಿಯದ್ದು ಹಾಗೇ ಕಾಣ್ತದೆ, ಆದ್ರೆ ಅದಕ್ಕೆ ಮೇಲೆ ಕೊಕ್ಕೆ ಇಲ್ಲ. ಕೊಕ್ಕೆ ಇದ್ದದ್ದು ನಮ್ಮದು." ಅವನು ತಲೆ ಎತ್ತಿ ಪೂವಮ್ಮನನ್ನು ನೋಡಿದ. ಕಣ್ಣಲ್ಲಿ ನೀರು ಇತ್ತು, ನಗುವೂ ಇತ್ತು. "ಟೀಚರೇ, ನಾನು ಹೇಳಿದ್ದು ಸರಿಯಾ?"

"ಸರಿ ಡೊಂಬಯ್ಯಣ್ಣ! ಸರಿಯೇ!" ಎಂದಳು ಪೂವಮ್ಮ, ಒಂದು ಕ್ಷಣವೂ ತಡಮಾಡದೆ, ಎಂಜಿನಿಗೆ ನೀರು ಹೊಯ್ಯುತ್ತಿದ್ದ ಲಾರಿಯವರೂ ತಿರುಗಿ ನೋಡುವಷ್ಟು ಗಟ್ಟಿಯಾಗಿ.